ನೆಲ ಬಿಡದ ವಿಮಾನ

ಕಳೆದ ಬಸವ ಜಯಂತಿಯ ದಿನ, ಪೂಜೆ ಪ್ರಸಾದಗಳು ಮುಗಿದ ಮೇಲೆ, ಅಪರಾಹ್ನ ಮೂರು ಗಂಟೆಯ ಉರಿಬಿಸಿಲಿನಲ್ಲಿ ನಾವು ಇಪ್ಪತ್ತೈದು ಮಂದಿ ದೊಡ್ಡಬಳ್ಳಾಪುರದ ವಾಯವ್ಯಕ್ಕಿರುವ ಒಂದು ಒಣಗಿದ ಕೆರೆಯಂಗಳದಲ್ಲಿ ನಿಂತಿದ್ದೆವು. ಪ್ರಥಮ ಪಿ.ಯು.ಸಿ. ಪರೀಕ್ಷೆ ಮುಗಿದ ದಿನದಿಂದ ನನ್ನ ಮೊಮ್ಮಗನು ನಡುಮನೆಯ ಮೂಲೆಯಲ್ಲಿ ಕುಳಿತು ಕಟ್ಟಿದ್ದ, ರಿಮೋಟಿನಿಂದ ನಡೆಸುವ ಪುಟ್ಟ ವಿಮಾನವು ಅಂದು ಗಗನಕ್ಕೇರಬೇಕಾಗಿತ್ತು. ಏರಲಿಲ್ಲ.

ಮೊದಲ ಸಲ ಅದು ಭೋರೆಂದು ಸದ್ದು ಮಾಡುತ್ತ ಅರವತ್ತು ಹೆಜ್ಜೆಯಷ್ಟು ಓಡಿ, ಎಡಕ್ಕೆ ಎಳೆದುಕೊಂಡು ಹೋಗಿ, ಗರಿಕೆ ಹುಲ್ಲಿನಲ್ಲಿ ಸಿಕ್ಕಿ ನಿಂತಿತು. ಎರಡನೆಯ ಸಲ ಅಂಗಳದ ಕೊನೆಯವರೆಗೂ ಓಡಿತು. ಇನ್ನೇನು ಏರಿ ತಾಗಿತು ಎನ್ನುವಾಗ ಥಟ್ಟನೆ ಮೂತಿಯೆತ್ತಿ ಆಳೆತ್ತರಕ್ಕೆ ನೆಗೆದು, ಎಡರೆಕ್ಕೆಯನ್ನು ಕೆಳಗೆ ಮಾಡಿ ನೆಲಕ್ಕೆ ಬಿದ್ದಿತು. ಹುಲ್ಲು ದಟ್ಟವಾಗಿದ್ದುದರಿಂದ ಹೆಚ್ಚೇನೂ ಮುರಿಯಲಿಲ್ಲ. ನೆಂಟರೊಬ್ಬರು "ಇದು ವಿಮಾನ ಅಲ್ಲ ಕಣಯ್ಯ, ರೆಕ್ಕೆ ಕಟ್ಟಿದ ಟ್ರ್ಯಾಕ್ಟರು" ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ನಕ್ಕದ್ದನ್ನು ಹುಡುಗ ನೋಡಿದ.

ಆ ರಾತ್ರಿ ಅವನು ನನ್ನ ಹಾಸಿಗೆಯ ಬಳಿ ಬಂದು, "ತಾತ, ನಾನು ಎರಡನೇ ವರ್ಷಕ್ಕೆ ಸೇರಲ್ಲ. ಅಪ್ಪನ ಜೊತೆ ಮಗ್ಗಕ್ಕೆ ಹೋಗ್ತೀನಿ. ನೀವೇ ಹೇಳಿಬಿಡಿ" ಎಂದ. ನಮ್ಮ ಊರಿನ ಬಹುಪಾಲು ಮನೆಗಳಂತೆ ನಮ್ಮದೂ ವಿದ್ಯುತ್ ಮಗ್ಗದ ಮನೆ. ನನ್ನ ಮಗ ನಾಲ್ಕು ರೇಷ್ಮೆ ಮಗ್ಗಗಳನ್ನು ನಡೆಸುತ್ತಾನೆ. ಮಗ್ಗದ ಕಾಯಕವನ್ನು ಕೀಳೆಂದು ನಾನು ಎಂದೂ ಎಣಿಸಿದವನಲ್ಲ. ಆ ಸದ್ದಿನಲ್ಲಿಯೇ ನಮ್ಮೆಲ್ಲರ ಅನ್ನವಿದೆ. ಆದರೆ ಒಂದು ಸೋಲಿಗೆ ಹೆದರಿ ಬಂದು ಕೂರುವವನು ಮಗ್ಗದ ಮುಂದೆಯೂ ನೆಮ್ಮದಿಯಾಗಿ ಕೂರಲಾರ. ಬೆಳಿಗ್ಗೆ ಮಗನಿಗೆ ವಿಷಯ ತಿಳಿಸಿದಾಗ ಅವನು, "ಆಳು ಸಿಗೋದೇ ಕಷ್ಟವಾಗಿದೆ ಅಪ್ಪಾಜಿ. ಅವನಾಗಿ ಬರ್ತೀನಿ ಅಂದರೆ ನಾನು ಯಾಕೆ ಬೇಡ ಅನ್ನಲಿ?" ಎಂದು ಲಾಳಿ ಬದಲಿಸಲು ಎದ್ದು ಹೋದ. ಕಾಲೇಜು ತೆರೆಯಲು ಇನ್ನೂ ದಿನಗಳಿದ್ದವು. ವಿಮಾನವು ಏಕೆ ಏರಲಿಲ್ಲವೆಂಬುದನ್ನು ತಿಳಿಯುವವರೆಗೆ ಈ ಮಾತು ಬೇಡವೆಂದು ಇಬ್ಬರಿಂದಲೂ ಒಪ್ಪಿಗೆ ಪಡೆದೆ.

ವಿಮಾನಶಾಸ್ತ್ರದಲ್ಲಿ ನನಗೆ ಪ್ರವೇಶವಿಲ್ಲ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವ್ಯಾಕರಣ, ತರ್ಕ, ಕಾವ್ಯಗಳನ್ನು ಓದಿ, ಮೂರು ದಶಕ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಆ ವಾರದಲ್ಲಿಯೇ ಬಂಧುಗಳೊಬ್ಬರು, "ನೀವು ಸಂಸ್ಕೃತ ಬಲ್ಲವರು, 'ವೈಮಾನಿಕ ಶಾಸ್ತ್ರ'ದಲ್ಲಿ ಇದಕ್ಕೆಲ್ಲ ಉತ್ತರವಿದೆಯಂತಲ್ಲ" ಎಂದು ಕೇಳಿದರು. ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆ ಗ್ರಂಥವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಅದರ ಭಾಷೆ ಪ್ರಾಚೀನವಲ್ಲವೆಂದೂ ಅಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತೋರಿಸಿದ್ದಾರೆ. ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅದೇ. ನಮ್ಮ ಹಿರಿಯರಿಂದ ನನಗೆ ಬಂದ ಆಸ್ತಿ ಅದಲ್ಲ, ತರ್ಕದ ಪಾಠ. ಒಂದಿದ್ದಾಗ ಇನ್ನೊಂದು ಇರುವುದು ಅನ್ವಯ; ಒಂದಿಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಹೊಗೆ ಬೆಂಕಿಗಳ ಉದಾಹರಣೆಯಿಂದ ಬಾಲ್ಯದಲ್ಲಿ ಕಲಿತ ಈ ಎರಡು ಮಾತುಗಳನ್ನು ಅರವತ್ತು ದಾಟಿದ ಮೇಲೆ ಕೆರೆಯಂಗಳದಲ್ಲಿ ಪ್ರಯೋಗಿಸುವ ಯೋಗ ಬಂದಿತು.

ಹುಡುಗನ ಪರಿಹಾರ ಸಿದ್ಧವಾಗಿತ್ತು: ಮೋಟಾರು ಸಾಲದು, ದೊಡ್ಡದನ್ನು ತರಿಸಬೇಕು. ನಮ್ಮ ಬೀದಿಯಲ್ಲಿ ಮಗ್ಗ ರಿಪೇರಿ ಮಾಡುವ ನೆರೆಯವರೊಬ್ಬರಿದ್ದಾರೆ. ಈ ಮಾತು ಕೇಳಿ ಅವರು, "ನೂಲು ಹರೀತಾ ಇದೆ ಅಂತ ಯಾರಾದರೂ ಮೋಟಾರು ಬದಲಾಯಿಸ್ತಾರಾ ಮೇಷ್ಟ್ರೇ?" ಎಂದರು. ಅವರನ್ನೂ ಸೇರಿಸಿಕೊಂಡು ಮೂವರೂ ಕುಳಿತೆವು. ಮೊದಲು ನಾವು ಮಾಡಿದ ಕೆಲಸವೆಂದರೆ ಕಂಡದ್ದನ್ನು ಬೇರೆ ಬೇರೆ ಮಾಡಿ ಹೇಳಿದ್ದು. ವಿಮಾನಕ್ಕೆ ವೇಗ ಬೇಗ ಬರಲಿಲ್ಲ ಎಂಬುದು ಒಂದು. ವೇಗ ಬಂದ ಮೇಲೂ ಅದು ಗಾಳಿಯಲ್ಲಿ ನಿಲ್ಲಲಿಲ್ಲ ಎಂಬುದು ಇನ್ನೊಂದು. "ಏರಲಿಲ್ಲ" ಎಂಬ ಒಂದೇ ಶಬ್ದದೊಳಗೆ ಎರಡು ರೋಗಗಳು ಅಡಗಿದ್ದವು.

ಬ್ಯಾಟರಿಯಿಂದ ಆರಂಭಿಸಿದೆವು. ಮೂರು ಕೋಶಗಳ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 12.6 ವೋಲ್ಟ್ ತೋರಿಸುತ್ತದೆ. ಸುಮ್ಮನಿರುವಾಗ ನೋಡಿದರೆ ಮುದಿ ಬ್ಯಾಟರಿಯೂ ಅಷ್ಟನ್ನೇ ತೋರಿಸೀತು. ಮೋಟಾರು ಪೂರ್ಣವೇಗದಲ್ಲಿ ತಿರುಗುವಾಗ ಅಳೆದರೆ ಬಣ್ಣ ಬಯಲಾಗುತ್ತದೆ. ಅವನ ಬಳಿಯಿದ್ದ ಎರಡರಲ್ಲಿ ಒಂದು ಹಪ್ಪಳದಂತೆ ಉಬ್ಬಿತ್ತು. ಪೂರ್ತಿ ತುಂಬಿಸಿ ಬೇಸಿಗೆಯ ಬಿಸಿಯಲ್ಲಿ ವಾರಗಟ್ಟಲೆ ಇಟ್ಟುದರ ಫಲ ಅದು. ಹೀಗೆ ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳುವ ಭಯವಿದೆ. ಮಕ್ಕಳಿರುವ ಮನೆಯವರು ಇದನ್ನು ಗಮನದಲ್ಲಿಡಬೇಕು. ಬಹುದಿನ ಬಳಸದೆ ಇಡುವುದಾದರೆ ಕೋಶಕ್ಕೆ 3.8 ವೋಲ್ಟಿನಷ್ಟು ಮಾತ್ರ ಉಳಿಸಿ ಇಡಬೇಕೆಂದು ಹುಡುಗನೇ ಆಮೇಲೆ ಓದಿ ಹೇಳಿದ. ಉಬ್ಬಿದ್ದನ್ನು ಹಿತ್ತಲಿನಲ್ಲಿ ಮರಳು ತುಂಬಿದ ಡಬ್ಬಿಗೆ ಹಾಕಿದೆವು. ಒಳ್ಳೆಯದನ್ನು ಜೋಡಿಸಿ ಓಡಿಸಿದರೂ ವಿಮಾನ ಹಿಂದಿನಂತೆಯೇ ತೆವಳಿತು. ಆದ್ದರಿಂದ ಬ್ಯಾಟರಿಯೊಂದೇ ಕಾರಣವಲ್ಲ.

ಅನಂತರ ನೆರೆಯವರು ಒಂದು ಉಪಾಯ ಮಾಡಿದರು. ಕೈಯಲ್ಲಿ ಹಿಡಿದು ತೂಗುವ ಕೊಕ್ಕೆ ತಕ್ಕಡಿಯನ್ನು ಕಂಬಕ್ಕೆ ಕಟ್ಟಿ, ಅದರ ಕೊಕ್ಕೆಗೆ ವಿಮಾನದ ಹಿಂಭಾಗವನ್ನು ದಾರದಿಂದ ಬಿಗಿದು, ಸಿಮೆಂಟು ನೆಲದ ಮೇಲೆ ಮೋಟಾರನ್ನು ಪೂರ್ಣವೇಗದಲ್ಲಿ ಓಡಿಸಿದೆವು. ಎಳೆತ 480 ಗ್ರಾಂ. ವಿಮಾನದ ತೂಕ 1,180 ಗ್ರಾಂ. ಇಂಥ ಕಲಿಕೆಯ ವಿಮಾನಕ್ಕೆ ತನ್ನ ತೂಕದ ಅರ್ಧಕ್ಕೆ ಕಡಿಮೆಯಿಲ್ಲದ ಎಳೆತ ಬೇಕು, ಹುಲ್ಲಿನ ನೆಲವಾದರೆ ಇನ್ನೂ ಹೆಚ್ಚು ಎಂದು ಹುಡುಗ ಹೇಳಿದ. ಅವನು ತರಿಸಿದ ಮೋಟಾರಿನ ಲೆಕ್ಕದಂತೆ 700 ಗ್ರಾಮಿಗಾದರೂ ಮೇಲಿರಬೇಕಿತ್ತು. ಉಳಿದದ್ದು ಎಲ್ಲಿ ಸೋರಿಹೋಗುತ್ತಿದೆ?

ಇದನ್ನು ಕಂಡುಹಿಡಿದವನು ನಾನು ಎಂದು ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ. ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪಾಠಭೇದ ಗುರುತಿಸುವುದು ನನ್ನ ಹಳೆಯ ಅಭ್ಯಾಸ. ಜಯಂತಿಗೆ ನಾಲ್ಕು ದಿನ ಮುಂಚೆ ಮೊಮ್ಮಗಳು ತೆಗೆದಿದ್ದ ಫೋಟೋವೊಂದರಲ್ಲಿ ವಿಮಾನದ ಮುಂದಿನ ಫ್ಯಾನಿನ ಮೇಲೆ ಅಚ್ಚಾದ ಅಂಕಿಗಳು ಮುಂದಿನಿಂದ ಕಾಣುತ್ತಿದ್ದವು. ಈಗ ಅವು ಹಿಂದಿನಿಂದ ಕಾಣುತ್ತಿದ್ದವು. "ಇದೇಕೆ ಹೀಗೆ?" ಎಂದು ಕೇಳಿದೆ. ಹುಡುಗ ತಲೆಯ ಮೇಲೆ ಕೈಯಿಟ್ಟುಕೊಂಡ. ಜಯಂತಿಯ ಹಿಂದಿನ ಸಂಜೆ ಫ್ಯಾನು ಜಗಲಿಯ ಕಂಬಕ್ಕೆ ತಾಗಿ ತುದಿ ಮುರಿದಿತ್ತಂತೆ. ಅವಸರದಲ್ಲಿ ಹೊಸದನ್ನು ಹಿಂದುಮುಂದಾಗಿ ಹಾಕಿದ್ದ. ಹೀಗೆ ಹಾಕಿದರೂ ಅದು ವಿಮಾನವನ್ನು ಮುಂದಕ್ಕೇ ಎಳೆಯುತ್ತದೆ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಅಲಗಿನ ಉಬ್ಬಿದ ಮುಖ ಹಿಂದಾಗಿ, ಮೊರವನ್ನು ಬೋರಲು ಹಿಡಿದು ಕೇರಿದ ಹಾಗೆ ಸದ್ದು ಹೆಚ್ಚು, ಕೆಲಸ ಕಡಿಮೆ. ಇದು ಮೋಟಾರೇ ಹಿಮ್ಮುಖವಾಗಿ ತಿರುಗುವ ದೋಷವಲ್ಲ. ಆ ದೋಷವಿದ್ದರೆ ವಿಮಾನ ಹಿಂದಕ್ಕೆ ಸರಿಯುತ್ತದೆ, ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಫ್ಯಾನನ್ನು ತಿರುಗಿಸಿ ಹಾಕಿ ಮತ್ತೆ ತೂಗಿದೆವು: 740 ಗ್ರಾಂ. ಹೊಸ ಮೋಟಾರಿನ ಹಣ ಉಳಿಯಿತು. ಹುಡುಗನ ಮುಖದಲ್ಲಿ ಒಂದು ವಾರದ ಮೇಲೆ ನಗೆ ಕಂಡೆ.

ಮರುದಿನ ನಸುಕಿನಲ್ಲಿ ಮತ್ತೆ ಕೆರೆಯಂಗಳಕ್ಕೆ ಹೋದೆವು. ಈ ಸಲ ಮೂವತ್ತು ಹೆಜ್ಜೆಗೇ ವೇಗ ಬಂದಿತು. ಆದರೆ ಮುಂದಿನ ಚಕ್ರ ನೆಲದ ಮೇಲೆ ನೆಲೆಯಾಗಿ ನಿಲ್ಲದೆ ಕುಣಿಯುತ್ತಿತ್ತು. ಹುಡುಗ ಬಾಲದ ಹಲಗೆಯನ್ನು ಎತ್ತುವ ಮೊದಲೇ ವಿಮಾನವು ತಾನಾಗಿ ಮೂತಿಯೆತ್ತಿ, ಮೊದಲಿಗಿಂತ ಎತ್ತರಕ್ಕೆ ನೆಗೆದು, ಅದೇ ಎಡಕ್ಕೆ ಮಗುಚಿ ಬಿದ್ದಿತು. ರೆಕ್ಕೆಯ ತುದಿ ಸೀಳಿತು. ಎರಡನೆಯ ರೋಗ ಹಾಗೆಯೇ ಉಳಿದಿತ್ತು. ಮೊದಲನೆಯದು ವಾಸಿಯಾದುದರಿಂದ ಇನ್ನೂ ಸ್ಪಷ್ಟವಾಗಿ ಕಾಣಿಸಿತು.

ನೆರೆಯವರು ವಿಮಾನವನ್ನು ಎತ್ತಿ, ರೆಕ್ಕೆಯ ಅಡಿಗೆ ಎರಡೂ ಕಡೆ ಒಂದೊಂದು ಬೆರಳಿಟ್ಟು ತೂಗಿಸಿದರು. ಬಾಲ ಕೆಳಗೆ ಹೋಯಿತು. ಬೆರಳನ್ನು ಹಿಂದಕ್ಕೆ ಸರಿಸುತ್ತ ಹೋಗಿ ರೆಕ್ಕೆಯ ಮುಂದಿನ ಅಂಚಿನಿಂದ 8 ಸೆಂಟಿಮೀಟರಿಗೆ ಬಂದಾಗ ಸಮವಾಯಿತು. ರೆಕ್ಕೆಯ ಅಗಲ 20 ಸೆಂಟಿಮೀಟರು. ನಕ್ಷೆಯಲ್ಲಿ ಸಮತೋಲದ ಗುರುತು ಇದ್ದದ್ದು 6ರಲ್ಲಿ. ಎರಡು ಸೆಂಟಿಮೀಟರು ಎಂದರೆ ಕಿರುಬೆರಳಿನ ಅಗಲಕ್ಕಿಂತ ತುಸು ಹೆಚ್ಚು. ಅಷ್ಟಕ್ಕೆ ವಿಮಾನ ಬೀಳುತ್ತದೆಯೇ ಎಂದು ನನಗೆ ಅನುಮಾನ. ಬೀಳುತ್ತದೆಯಂತೆ. ಭಾರ ಹಿಂದಾದರೆ ಮೂತಿ ಅಳತೆ ಮೀರಿ ಏಳುತ್ತದೆ. ಎದ್ದ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯಬೇಕಾದ ಗಾಳಿ ಅಲ್ಲಿಂದ ಕಳಚಿಕೊಳ್ಳುತ್ತದೆ. ಎತ್ತುವ ಬಲ ಒಮ್ಮೆಗೇ ಕುಸಿದು, ಯಾವ ರೆಕ್ಕೆ ಮೊದಲು ಸೋತಿತೋ ಆ ಕಡೆಗೆ ವಿಮಾನ ಮಗುಚುತ್ತದೆ. ಮೋಟಾರಿನ ಬಲ ಹೆಚ್ಚಿಸಿದರೆ ಇನ್ನೂ ಎತ್ತರದಿಂದ ಬೀಳುತ್ತದೆ, ಅಷ್ಟೆ.

"ಕಟ್ಟಿದಾಗ ನೋಡಿರಲಿಲ್ವಾ?" ಎಂದು ನೆರೆಯವರು ಕೇಳಿದರು.

"ನೋಡಿದ್ದೆ. ಆರಕ್ಕೇ ಇತ್ತು."

"ಆಮೇಲೆ ಬಾಲಕ್ಕೆ ಏನಾದರೂ ಸೇರಿಸಿದೆಯಾ?"

ಹುಡುಗ ಉತ್ತರಿಸಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಸೀಳಿದ ರೆಕ್ಕೆಗೆ ಟೇಪು ಸುತ್ತುತ್ತ ಕುಳಿತ.

ಸೇರಿಸಿದವನು ನಾನು. ಜಯಂತಿಯ ಹಿಂದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಆ ವಿಮಾನವನ್ನು ಕೈಗೆತ್ತಿಕೊಂಡು ನೋಡಿದ್ದೆ. ಥರ್ಮಾಕೋಲಿನಂಥ ಹಲಗೆಯಿಂದ ಮಾಡಿದ ಬಾಲ ಬೆರಳಿಗೆ ಬಾಗುತ್ತಿತ್ತು. ನೆಂಟರೆದುರಿಗೆ ಮುರಿದುಹೋದರೆ ಮಗುವಿಗೆ ಅವಮಾನವಾದೀತೆಂದು ಬಿದಿರಿನ ಎರಡು ಸೀಳುಗಳನ್ನು ತೆಳುವಾಗಿ ಹೆರೆದು, ಅಂಟು ಹಚ್ಚಿ, ಮೇಲೆ ಬಟ್ಟೆಯ ಪಟ್ಟಿ ಸುತ್ತಿದೆ. ಅಷ್ಟಕ್ಕೆ ತೃಪ್ತಿಯಾಗದೆ ಇನಾಮಲ್ ಬಣ್ಣದಲ್ಲಿ "ಹಂಸ" ಎಂದು ದಪ್ಪ ಅಕ್ಷರಗಳಲ್ಲಿ ಬರೆದೆ. ಬೆಳಿಗ್ಗೆ ಅದನ್ನು ಕಂಡು ಹುಡುಗ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಮಾಡಿ 1993ರಲ್ಲಿ ಹಾರಿಸಿದ ಇಬ್ಬರು ಕೂರುವ ವಿಮಾನಕ್ಕೂ ಇದೇ ಹೆಸರೆಂದು ಹೇಳಿ ನನ್ನ ಪಾದ ಮುಟ್ಟಿದ್ದ. ನಾನು ಹಿಗ್ಗಿದ್ದೆ.

"ನಿನಗೆ ಗೊತ್ತಿತ್ತೇ ಮಗು?" ಎಂದು ಕೇಳಿದೆ.

"ಎರಡನೇ ಸಲ ಬಿದ್ದಾಗ ಅನುಮಾನ ಬಂತು ತಾತ. ನೀವು ಬರೆದದ್ದನ್ನ ಕೀಳೋಕೆ ಮನಸ್ಸು ಬರಲಿಲ್ಲ."

ದೊಡ್ಡ ಮೋಟಾರಿನ ಬೇಡಿಕೆಯ ಗುಟ್ಟು ಅಲ್ಲಿತ್ತು. ಓದು ಬಿಡುತ್ತೇನೆಂದು ಹೇಳಿದ ರಾತ್ರಿಯೂ ಅವನು ನನ್ನ ಹೆಸರೆತ್ತಿರಲಿಲ್ಲ. ನಾನಾದರೋ ಅವನ ಸೋಲಿಗೆ ನಕ್ಕು ಬಂದಿದ್ದೆ. ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಒಬ್ಬನೇ ಕುಳಿತೆ. ನೆರೆಯವರು ವಿವೇಕಿಗಳು, ದನ ಕಟ್ಟಬೇಕೆಂದು ನೆಪ ಹೇಳಿ ಹೊರಟುಹೋದರು.

ಮನೆಗೆ ಬಂದು ಬ್ಲೇಡಿನಿಂದ ಬಿದಿರು, ಬಟ್ಟೆ, ಬಣ್ಣಗಳನ್ನು ನಾನೇ ಬಿಡಿಸಿದೆ. ಅದು ಎರಡು ಗಂಟೆಯ ಕೆಲಸವಾಯಿತು. ರೇಷ್ಮೆ ನೂಲು ತೂಗುವ ತಕ್ಕಡಿಯ ಮೇಲಿಟ್ಟಾಗ ಎಲ್ಲ ಸೇರಿ 34 ಗ್ರಾಂ. ಅಷ್ಟು ಅಲ್ಪಭಾರ ಇಷ್ಟು ಅನರ್ಥ ಮಾಡಿದ್ದು ಹೇಗೆ? ನಮ್ಮ ಕಾಲದಲ್ಲಿ ತೋಟಕ್ಕೆ ನೀರೆತ್ತುತ್ತಿದ್ದ ಏತವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಲವು ಸಮತೋಲದ ಬಿಂದುವಿನಿಂದ 65 ಸೆಂಟಿಮೀಟರು ದೂರ. ಮೂತಿಯಾದರೋ 25 ಮಾತ್ರ. ಬಾಲದ 34 ಗ್ರಾಮನ್ನು ಹಾಗೆಯೇ ಬಿಟ್ಟು ಮೂತಿಗೆ ಸೀಸ ಕಟ್ಟಿ ಸರಿದೂಗಿಸಬೇಕೆಂದರೆ ಸುಮಾರು 90 ಗ್ರಾಂ ಬೇಕು. ಆಗ ವಿಮಾನದ ಒಟ್ಟು ತೂಕ ಏರಿ, ನೆಲ ಬಿಡಲು ಇನ್ನೂ ಹೆಚ್ಚು ವೇಗ ಬೇಕಾಗುತ್ತಿತ್ತು. "ಅಕ್ಷರ ಉಳಿಯಲಿ ತಾತ, ಮುಂದೆ ಸೀಸ ಹಾಕ್ತೀನಿ" ಎಂದು ಹುಡುಗ ಹೇಳಿದ್ದ. ನಾನು ಒಪ್ಪಲಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಸೀಮೆ ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಲೇರಿದಂತೆ ಇನ್ನಷ್ಟು ತೆಳುವಾಗುತ್ತದೆ. 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿಯು, ವಿಮಾನದವರು ಅಳತೆಗೋಲಾಗಿ ಇಟ್ಟುಕೊಂಡಿರುವ ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು ಆರನೆಯ ಒಂದು ಪಾಲು ಹಗುರ. ಅದೇ ವಿಮಾನ ನೆಲ ಬಿಡಲು ನೂರಕ್ಕೆ ಒಂಬತ್ತರಷ್ಟು ಹೆಚ್ಚಿನ ವೇಗ ಬೇಕು. ಫ್ಯಾನು ಎಳೆಯುವ ಬಲವೂ ತೆಳುಗಾಳಿಯಲ್ಲಿ ಕುಗ್ಗುತ್ತದೆ. ನಾವಾದರೋ ಹಬ್ಬದೂಟ ಮುಗಿಸಿ, ಗಾಳಿ ಎತ್ತ ಬೀಸುತ್ತಿದೆಯೆಂದೂ ನೋಡದೆ, ನೆಂಟರಿಗೆ ನೆರಳಿರುವ ಕಡೆಯಿಂದ ವಿಮಾನವನ್ನು ಓಡಿಸಿದ್ದೆವು. ಗಾಳಿ ಬೆನ್ನಿಗಿತ್ತೆಂಬುದು ಫೋಟೋದಲ್ಲಿ ಹೆಂಗಸರ ಸೆರಗು ಹಾರುತ್ತಿದ್ದುದನ್ನು ನೋಡಿದ ಮೇಲೆ ತಿಳಿಯಿತು.

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲವೆಂದು ಹುಡುಗ ಒಂದು ಪುಸ್ತಕದಿಂದ ಓದಿ ಹೇಳಿದ. 1903ರ ಡಿಸೆಂಬರ್ 17ರಂದು ಅಮೆರಿಕದ ಕಡಲತೀರದಲ್ಲಿ ರೈಟ್ ಸೋದರರು ಮೊದಲ ಬಾರಿ ಹಾರಿದಾಗ ಎದುರಿನಿಂದ ಬಲವಾದ ಚಳಿಗಾಳಿ ಬೀಸುತ್ತಿತ್ತು. 12 ಸೆಕೆಂಡುಗಳಲ್ಲಿ 120 ಅಡಿ ಹಾರಿದರು. ಮರುವರ್ಷ ತಮ್ಮ ಊರಾದ ಡೇಟನ್ನಿನ ಬಳಿಯ ಹುಲ್ಲುಗಾವಲಿನಲ್ಲಿ ಹೊಸ ವಿಮಾನವನ್ನು ಓಡಿಸಿದರೆ ಅದು ನೆಲ ಬಿಡಲು ಒಲ್ಲದು. ಪತ್ರಿಕೆಯವರ ಎದುರಿಗೂ ಹಾರದೆ ನಿಂತಿತು. ಅಲ್ಲಿ ಕಡಲ ಗಾಳಿಯಿಲ್ಲ, ನೆಲವೂ ಸುಮಾರು 250 ಮೀಟರು ಎತ್ತರ, ಮೇಲಾಗಿ ಬೇಸಿಗೆ. ಕೊನೆಗೆ 1904ರ ಸೆಪ್ಟೆಂಬರಿನಲ್ಲಿ ಮರದ ಗೋಪುರವೊಂದನ್ನು ನಿಲ್ಲಿಸಿ, ಅದರ ಮೇಲಿಂದ ಭಾರವನ್ನು ಬೀಳಿಸಿ, ಹಗ್ಗದ ಮೂಲಕ ವಿಮಾನವನ್ನು ಮುಂದಕ್ಕೆ ಜಗ್ಗುವ ಏರ್ಪಾಟು ಮಾಡಿ ಏರಿಸಿದರು. ಜಗತ್ತಿಗೆ ಹಾರುವುದನ್ನು ಕಲಿಸಿದವರೂ ಒಂದು ಬೇಸಿಗೆಯೆಲ್ಲ ನೆಲದ ಮೇಲೆ ಕಷ್ಟಪಟ್ಟರೆಂಬುದನ್ನು ಹುಡುಗ ಎರಡು ಸಲ ಓದಿದ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂಥ ವಿಮಾನವನ್ನು ಮನಸ್ಸು ಬಂದಲ್ಲಿ ಹಾರಿಸುವಂತಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಜಿಲ್ಲೆಯ ಆಕಾಶ ಮೊದಲಿನಂತಿಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. 2021ರ ಡ್ರೋನ್ ನಿಯಮಗಳಂತೆ ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರಿನವರೆಗೆ 200 ಅಡಿಗಿಂತ ಮೇಲೆ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿಗಿಂತ ಮೇಲೆ ಹಾರಿಸಲು ಅನುಮತಿ ಬೇಕು. ದೇವನಹಳ್ಳಿಯ ಸುತ್ತಲಿನ ಬಂಧುಗಳು ಮಕ್ಕಳಿಗೆ ಇದನ್ನು ಕೊಡಿಸುವ ಮೊದಲು ಸರ್ಕಾರದ ನಕ್ಷೆಯನ್ನು ನೋಡಿಕೊಳ್ಳಬೇಕು. ನಾವು ದೂರದ ಕೆರೆಯನ್ನು ಆರಿಸಿದ್ದು ಈ ಕಾರಣಕ್ಕೇ.

ಮುಂದಿನ ಭಾನುವಾರ ಸೂರ್ಯೋದಯಕ್ಕೆ ಮೊದಲೇ ಹೊರಟೆವು. ನೆಂಟರನ್ನು ಕರೆಯಲಿಲ್ಲ. ನಾವು ಮೂವರು, ಜೊತೆಗೆ ಮೊಮ್ಮಗಳು. ಹೊರಡುವಾಗ ನನ್ನ ಮಗ ಮಗ್ಗ ನಿಲ್ಲಿಸಿ, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, "ನಾನೂ ಬರ್ತೀನಿ" ಎಂದು ಬೈಕು ತೆಗೆದ. ಹಿಂದಿನ ಸಂಜೆ ಹುಡುಗನೇ ಕುಡುಗೋಲಿನಿಂದ ಐವತ್ತು ಹೆಜ್ಜೆಯುದ್ದ ಹುಲ್ಲು ಕೊಯ್ದು ಹಾದಿ ಮಾಡಿದ್ದ. ಪಶ್ಚಿಮದಿಂದ ತಂಗಾಳಿ ಬರುತ್ತಿತ್ತು. ಕೋಲಿಗೆ ಕಟ್ಟಿದ ರೇಷ್ಮೆಯ ಎಳೆಯನ್ನು ನೋಡಿ ವಿಮಾನವನ್ನು ಗಾಳಿಗೆ ಎದುರಾಗಿ ನಿಲ್ಲಿಸಿದ. ಬೆರಳುಗಳ ಮೇಲಿಟ್ಟು ಮತ್ತೊಮ್ಮೆ ತೂಗಿಸಿದ. ಬ್ಯಾಟರಿ ನೋಡಿದ. ಫ್ಯಾನಿನ ಅಂಕಿಗಳು ಮುಂದಿವೆಯೇ ಎಂದು ನನ್ನನ್ನು ಕೇಳಿದ. ಇವೆ ಎಂದೆ.

ಈ ಸಲ ಸದ್ದೇ ಬೇರೆ, ತುಂಬಿದ ಸದ್ದು. ವಿಮಾನ ನೆಟ್ಟಗೆ ಓಡಿತು. ಇಪ್ಪತ್ತೆಂಟು ಹೆಜ್ಜೆಯಾದಾಗ, ಯಾರೋ ಮೆಲ್ಲನೆ ಎತ್ತಿಕೊಂಡಂತೆ, ಚಕ್ರಗಳ ಕೆಳಗೆ ಬೆಳಕು ಕಂಡಿತು. ಹುಡುಗ ಅವಸರಪಡಲಿಲ್ಲ. ತಗ್ಗಿನಲ್ಲೇ ಸ್ವಲ್ಪ ದೂರ ಹೋಗಗೊಟ್ಟು, ವೇಗ ಕೂಡಿದ ಮೇಲೆ ಏರಿಸಿದ. ಏರಿಯಾಚೆಯ ಹುಣಸೆಮರದ ತಲೆಯನ್ನು ದಾಟಿ, ಬಲಕ್ಕೆ ತಿರುಗಿ, ನಮ್ಮ ನೆತ್ತಿಯ ಮೇಲೆ ಬಂದಿತು. ಮಗ ಬಾಯಿ ತೆರೆದು ಮೇಲೆ ನೋಡುತ್ತಿದ್ದ. ನಾಲ್ಕು ನಿಮಿಷ ಹಾರಿ, ಒಂದಿಷ್ಟು ಕುಪ್ಪಳಿಸಿ, ಕೊಯ್ದ ಹುಲ್ಲಿನ ಮೇಲೆ ಇಳಿಯಿತು.

ಹಿಂದಿರುಗುವಾಗ ಮಗನು ಕಾಲೇಜಿನ ಶುಲ್ಕ ಎಷ್ಟೆಂದು ಹುಡುಗನನ್ನು ಕೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತು. ಅವರಿಬ್ಬರ ಮಾತಿಗೆ ನಾನು ಹೋಗಲಿಲ್ಲ.

ಅಂದು ಸಂಜೆ ಹುಡುಗ ತೆಳುವಾದ ಕಾಗದದ ಪಟ್ಟಿಯೊಂದನ್ನೂ ಮಸಿಪೆನ್ನನ್ನೂ ತಂದು ನನ್ನ ಮುಂದಿಟ್ಟ. "ಹಂಸ" ಎಂದು ಬರೆದುಕೊಟ್ಟೆ. ಒಣಗಿದ ಮೇಲೆ ಅದನ್ನು ಮಗ್ಗದ ಮನೆಗೆ ಒಯ್ದು, ನೂಲು ತೂಗುವ ತಕ್ಕಡಿಯ ಮೇಲಿಟ್ಟು, ಅಲ್ಲಿಂದಲೇ ಕೂಗಿದ: "ಒಂದು ಗ್ರಾಮೂ ಇಲ್ಲ ತಾತ. ಅಂಟಿಸ್ತೀನಿ."